ಸಾಯದೆ ಉಳಿದ ತಪ್ಪಿಗೆ ಕ್ಷಮೆ ಕೋರಿ

ತಾಯಿ-ಮಗು ಆರೋಗ್ಯ ಇಲಾಖೆಯ ನಿರ್ದೇಶಕರ ಸನ್ನಿಧಿಗೆ, ದಿಬ್ಬದ ಮೇಲಿನ ಹಿಟ್ಟಿನ ಗಿರಣಿಯ ಒಡತಿ, ಕೂದಲ ಮೇಲಿನ ಹಿಟ್ಟು ಕೊಡವಿ, ಕೈ ತೊಳೆದು, ಯಂತ್ರ ನಿಲ್ಲಿಸಿ, ಎದ್ದು ನಿಂತು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕುರ್ಚಿ, ಮೇಜು, ಮೇಜಿನ ಮೇಲಿನ ಗಂಟೆ, ಗಂಟೆ ಬಾರಿಸಿದರೂ ಬಾರದ ಜವಾನರು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಾವಿಲ್ಲಿ ಕ್ಷೇಮ. ಬೇರೆಯವರ ಪತ್ರಗಳಲ್ಲಿ ಇದು ಕಣ್ಣು ಹಾಯಿಸಿ ದಾಟಿಬಿಡುವ ಸಾಲು. ನಮ್ಮ ಪತ್ರದಲ್ಲಿ ಮಾತ್ರ ದಯವಿಟ್ಟು ಇಲ್ಲಿ ಒಂದು ಗಳಿಗೆ ನಿಲ್ಲಬೇಕು, ಏಕೆಂದರೆ ನಮ್ಮ ಎಲ್ಲ ತೊಂದರೆಗೂ ನಮ್ಮ ಕ್ಷೇಮವೇ ಮೂಲವೆಂದು ತಮ್ಮ ಇಲಾಖೆಯೇ ಕಂಡುಹಿಡಿದಿದೆ.

ನಮ್ಮ ಹೆರಿಗೆ ನರ್ಸಮ್ಮನಿಗೆ ತಾವು ಕಳಿಸಿರುವ ನೋಟೀಸಿನ ವಿಚಾರವಾಗಿ ಇದನ್ನು ಬರೆಯುತ್ತಿದ್ದೇನೆ. ತನಗೆ ವಹಿಸದ ಪ್ರದೇಶದಲ್ಲಿ, ರಜಾದಿನದಂದು, ಯಾರ ಅನುಮತಿಯೂ ಇಲ್ಲದೆ ಗರ್ಭಿಣಿಯರನ್ನು ಪರೀಕ್ಷಿಸಿದ ಅಪರಾಧಕ್ಕಾಗಿ ಆಕೆ ಬರುವ ಸೋಮವಾರ ತಮ್ಮ ಮುಂದೆ ಹಾಜರಾಗಿ ವಿವರಣೆ ನೀಡಬೇಕೆಂದು ತಾವು ಬಯಸಿದ್ದೀರಿ. ಆಕೆ ವಿವರಣೆ ಕೊಡುವ ಜಾಯಮಾನದವರಲ್ಲ, ಬೈಯುವ ಜಾಯಮಾನದವರು. ಆದ್ದರಿಂದ ತಮ್ಮ ಕಿವಿಗಳ ಹಿತವನ್ನು ಗಮನದಲ್ಲಿಟ್ಟುಕೊಂಡು, ಅಪರಾಧ ನಡೆದದ್ದೂ ನನ್ನ ಗಿರಣಿಯಲ್ಲೇ ಆದ್ದರಿಂದ, ವಿವರಣೆಯನ್ನು ನಾನೇ ಮುಂಚಿತವಾಗಿ ಸಲ್ಲಿಸುವುದು ಮರ್ಯಾದೆ ಎನ್ನಿಸಿತು.

ಆಕೆಯ ಹೆಸರು ತಮ್ಮ ಕಡತದಲ್ಲಿರುತ್ತದೆ. ನಮ್ಮಲ್ಲಿ ಯಾರಿಗೂ ಅದು ನೆನಪಿಲ್ಲ. ನಾವು ಗುಡುಗಮ್ಮ ಎನ್ನುತ್ತೇವೆ, ಎದುರಿಗೇ ಎನ್ನುತ್ತೇವೆ, ಆಕೆಯೂ ಓಗೊಡುತ್ತಾರೆ. ನನ್ನ ಗಿರಣಿಗೂ ಆಕೆಯ ಆರೋಗ್ಯ ಕೇಂದ್ರಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ. ಗಿರಣಿ ತಿರುಗತೊಡಗಿದರೆ ನನಗೆ ನನ್ನ ಯೋಚನೆಯೇ ಕೇಳಿಸುವುದಿಲ್ಲ. ಆದರೆ ಗೋಡೆಯಾಚೆಯ ಆಕೆಯ ಮಾತು ಮಾತ್ರ ಒಂದಕ್ಷರ ಬಿಡದಂತೆ ಕೇಳಿಸುತ್ತಿತ್ತು. "ಮಾತ್ರೆ ಡಬ್ಬೀಲಿ ಇಟ್ಟು ನೋಡ್ಲಿ ಅಂತ ಕೊಟ್ಟಿದ್ನಾ? ನಿನ್ನ ರಕ್ತ ನೋಡು, ಮೂರು ಸಲ ಸೋಸಿದ ಚಹಾ ಇದ್ದಂಗಿದೆ" ಎಂದು ಒಬ್ಬಳಿಗೆ. "ಬಾಗಿಲ ಹಿಂದೆ ಯಾಕಯ್ಯ ನಿಂತಿದೀಯ, ಒಳಗೆ ಬಾ. ಇವತ್ತಿನಿಂದ ನೀರು ಹೊರೋದು ನೀನು. ಹೊಟ್ಟೆ ಅವಳದು, ಕೊಡ ನಿಂದು" ಎಂದು ಅವಳ ಗಂಡನಿಗೆ. ಅತ್ತೆಯಂದಿರನ್ನು ಆಕೆ ಬೈದ ರೀತಿಯನ್ನು ಇಲ್ಲಿ ಬರೆಯಲಾರೆ, ಅವರಲ್ಲಿ ಕೆಲವರು ನನ್ನ ಗಿರಾಕಿಗಳು.

ಆಕೆ ಬರುವ ಮೊದಲು ನಮ್ಮ ದಿಬ್ಬದ ಪ್ರತಿ ಮನೆಯಲ್ಲೂ ಹೆರಿಗೆಗೆಂದು ಹೋಗಿ ಹಿಂತಿರುಗದ ಒಬ್ಬ ಅತ್ತಿಗೆಯೋ ಚಿಕ್ಕಮ್ಮನೋ ಇದ್ದಳು. ನನಗೂ ಒಬ್ಬ ಚಿಕ್ಕಮ್ಮ ಇದ್ದಳು. ಗುಡುಗಮ್ಮ ಬಂದ ಮೇಲೆ ಅಂಥ ಸುದ್ದಿ ನಿಂತುಹೋಯಿತು. ಇದು ನಮ್ಮ ಕೈಯಿಂದಾದ ತಪ್ಪು. ಇಷ್ಟು ಕಾಲ ಯಾರೂ ಸಾಯದಿದ್ದರೆ ಮೇಲಿನವರಿಗೆ ಅನುಮಾನ ಬರುತ್ತದೆಂದು ನಮಗೆ ಹೊಳೆಯಲೇ ಇಲ್ಲ.

ಕಳೆದ ವರ್ಷ ಕೇಂದ್ರದ ಬಾಗಿಲಿಗೆ ತಮ್ಮ ಆದೇಶ ಅಂಟಿಕೊಂಡಿತು. ನಮ್ಮೂರ ಕ್ಷೌರಿಕ ಅದನ್ನು ಗಟ್ಟಿಯಾಗಿ ಓದಿದ: ಸದರಿ ಪ್ರದೇಶದಲ್ಲಿ ತಾಯಂದಿರ ಮರಣ ವರದಿಯಾಗದ ಕಾರಣ ಸದರಿ ಪ್ರಸೂತಿ ಸಹಾಯಕಿಯ ಅಗತ್ಯವಿಲ್ಲವೆಂದು ಪರಿಗಣಿಸಿ, ಮರಣಗಳು ವರದಿಯಾಗುತ್ತಿರುವ ಹೊಳೆಯಾಚೆಯ ಪ್ರದೇಶಕ್ಕೆ ವರ್ಗಾಯಿಸಲಾಗಿದೆ. 'ಮರಣ ವರದಿಯಾಗದ' ಎಂಬಲ್ಲಿಗೆ ಬಂದಾಗ ನೆರೆದ ನಾವೆಲ್ಲ ಹಿಗ್ಗಿನಿಂದ ಚಪ್ಪಾಳೆ ತಟ್ಟಿದೆವು. ಸರ್ಕಾರ ನಮ್ಮನ್ನು ಹೊಗಳಿದ್ದು ಅದೇ ಮೊದಲು. ವಾಕ್ಯ ಉದ್ದವಿತ್ತು, ಅದರ ಬಾಲಕ್ಕೆ ಬರುವಷ್ಟರಲ್ಲಿ ಚಪ್ಪಾಳೆ ಅಲ್ಲೊಂದು ಇಲ್ಲೊಂದಾಗಿ ನಿಂತುಹೋಯಿತು. ಕ್ಷೌರಿಕನ ಮುದಿತಾಯಿ ಕೇಳಿದಳು: "ಅಲ್ಲವೋ, ನಾವು ಸಾಯ್ಲಿಲ್ಲ ಅಂತ ಶಿಕ್ಷೆನಾ ಇದು?"

ಅಜ್ಞಾನಿ ಮುದುಕಿ, ಕ್ಷಮಿಸಬೇಕು. ತಮ್ಮ ದೂರದೃಷ್ಟಿ ಅವಳಿಗೆ ಹೇಗೆ ತಿಳಿಯಬೇಕು? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂದು ನಮ್ಮ ಹಿರಿಯರು ನಗುತ್ತಿದ್ದರು. ಕೊಳ್ಳೆ ಹೋಗದ ಊರಿನ ಬಾಗಿಲನ್ನೇ ಕಿತ್ತು ತಂದು, ಕೊಳ್ಳೆ ಹೋದ ಊರಿಗೆ ಹಾಕುವ ಉಪಾಯ ಆ ಹಿರಿಯರ ತಲೆಗೂ ಹೊಳೆದಿರಲಿಲ್ಲ, ಹೊಳೆದದ್ದು ತಮಗೆ. ಇದೇ ನಿಯಮವನ್ನು ಇತರ ಇಲಾಖೆಗಳೂ ಪಾಲಿಸಿದರೆ, ಬೆಂಕಿ ಬೀಳದ ಪೇಟೆಯ ಅಗ್ನಿಶಾಮಕ ಬಂಡಿಯನ್ನು ಬೂದಿಯಾದ ಪೇಟೆಯಲ್ಲಿ ನಿಲ್ಲಿಸಬಹುದು, ಮುರಿಯದ ಸೇತುವೆಯ ಕಂಬಗಳನ್ನು ಮುರಿದ ಸೇತುವೆಗೆ ಸಾಗಿಸಬಹುದು.

ಗುಡುಗಮ್ಮನ ಬದಲಿಗೆ ತಾವು ನಮಗೆ ಬರಿಗೈ ತೋರಿಸಲಿಲ್ಲ ಎಂಬುದನ್ನು ಕೃತಜ್ಞತೆಯಿಂದ ದಾಖಲಿಸುತ್ತೇನೆ. ಗೋಡೆಗೆ ಅಂಟಿಸಲು ನಗುವ ಗರ್ಭಿಣಿಯ ಚಿತ್ರವೊಂದನ್ನೂ ಅದರ ಕೆಳಗೆ ಒಂದು ಫೋನ್ ನಂಬರನ್ನೂ ದಯಪಾಲಿಸಿದಿರಿ. ತೂಕದ ಯಂತ್ರ, ರಕ್ತದೊತ್ತಡ ನೋಡುವ ಪಟ್ಟಿ, ಮಲಗಿಸುವ ಮಂಚ, ಎಲ್ಲವೂ ಆಕೆಯ ಜೊತೆಗೇ ಹೊಳೆ ದಾಟಿದವು. ಹಾಗಾಗಿ ನಮ್ಮ ಬಸುರಿಯರು ನನ್ನ ಗಿರಣಿಯ ಚೀಲ ತೂಗುವ ತಕ್ಕಡಿಯ ಮೇಲೆ ಹತ್ತತೊಡಗಿದರು. ತೂಕ ನೋಡಲು ನನಗೆ ಬರುತ್ತದೆ. ನೋಡಿದ ತೂಕಕ್ಕೆ ಏನರ್ಥವೆಂದು ಬರುವುದಿಲ್ಲ. "ಜಾಸ್ತಿ ಆಗಿದೆ ಕಣೇ" ಎಂದರೆ ಎಲ್ಲರೂ ಖುಷಿಪಡುತ್ತಿದ್ದರು, ನಾನೂ ಪಡುತ್ತಿದ್ದೆ. ಗಿರಣಿಯಲ್ಲಿ ತೂಕ ಹೆಚ್ಚಾದರೆ ಖುಷಿಪಡುವುದು ನಮ್ಮ ವೃತ್ತಿಧರ್ಮ.

ಹಾಗೆ ಹತ್ತಿದವರಲ್ಲಿ ನನ್ನ ತಂಗಿಯೂ ಒಬ್ಬಳು. ಅಂಚೆ ಕಚೇರಿಯಲ್ಲಿ ಲಕೋಟೆಗಳಿಗೆ ಮುದ್ರೆ ಒತ್ತುವುದು ಅವಳ ಕೆಲಸ, ನನ್ನ ಗಿರಣಿಯ ವ್ಯಾನು ಓಡಿಸುವುದು ಅವಳ ಗಂಡನ ಕೆಲಸ. ಅವನು ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಅವುಗಳಲ್ಲಿ ಮೂರನ್ನು ವ್ಯಾನಿಗೆ ಹೇಳುತ್ತಾನೆ. ಚೊಚ್ಚಲ ಬಸಿರು. ಎಂಟನೆಯ ತಿಂಗಳಲ್ಲಿ ಒಂದು ವಾರ ತಕ್ಕಡಿಯ ಮುಳ್ಳು ಹಿಂದೆಂದೂ ಹೋಗದ ಕಡೆ ಹೋಯಿತು. "ಮಗು ದುಂಡಗಿದೆ" ಎಂದು ನಮ್ಮಮ್ಮ ದೃಷ್ಟಿ ತಾಕದಿರಲೆಂದು ಮೆಲ್ಲಗೆ ಹೇಳಿದಳು. ಆಮೇಲೆ ತಂಗಿಯ ಉಂಗುರ ಬೆರಳಿನಿಂದ ಬರದಾಯಿತು. ಸೋಪು ಹಚ್ಚಿ ಎಳೆದೆವು, ಎಣ್ಣೆ ಹಚ್ಚಿ ಎಳೆದೆವು, ಗಂಡನ ಪ್ರೀತಿ ಅಷ್ಟು ಬಿಗಿ ಎಂದು ನಕ್ಕೆವು. ಅವಳೂ ನಕ್ಕಳು. ನಗುತ್ತಲೇ, "ಅಕ್ಕಾ, ನಿನ್ನೆಯಿಂದ ತಲೆ ಸಿಡೀತಿದೆ. ಲಕೋಟೆ ಮೇಲಿನ ವಿಳಾಸ ಎಲ್ಲಾ ಮಿಂಚುಹುಳ ಹಾರ್ದಂಗೆ ಕಾಣುತ್ತೆ" ಎಂದಳು.

ಆಗ ನನ್ನ ಕೈ ನಿಂತಿತು. ಗೋಡೆಯಾಚೆಯಿಂದ ವರ್ಷಗಟ್ಟಲೆ ಕೇಳಿದ ಬೈಗುಳ ಕಿವಿಯಲ್ಲಿ ಗುಡುಗಿತು: "ಮುಖ ಊದಿ, ತಲೆ ನೋವು ಬಂದು, ಕಣ್ಣು ಮಂಜಾದ್ರೆ ಮನೇಲಿ ಕಷಾಯ ಕುಡಿಸ್ತಾ ಕೂತ್ಕೋಬೇಡಿ. ಓಡಿ ಬನ್ನಿ. ಓಡೋಕಾಗದಿದ್ರೆ ಹೊತ್ಕೊಂಡು ಬನ್ನಿ."

ಆದರೂ ನಾನು ಕಾನೂನು ಪಾಲಿಸುವ ಪ್ರಜೆ. ಮೊದಲು ತಮ್ಮ ನಂಬರಿಗೇ ಫೋನ್ ಮಾಡಿದೆ. ಅತ್ಯಂತ ಇಂಪಾದ ಕಂಠ. ತಾವು ಗರ್ಭಿಣಿಯಾಗಿದ್ದಲ್ಲಿ ಒಂದನ್ನು ಒತ್ತಿ, ಗರ್ಭಿಣಿಯ ಸಂಬಂಧಿಯಾಗಿದ್ದಲ್ಲಿ ಎರಡನ್ನು ಒತ್ತಿ ಎಂದಿತು. ಎರಡು ಒತ್ತಿದೆ. ಸ್ವಲ್ಪ ಸಂಗೀತವಾಯಿತು. ಗರ್ಭಿಣಿಯು ಹಣ್ಣು ಹಾಲು ಸೇವಿಸಲಿ, ಸಂತೋಷದಿಂದಿರಲಿ ಎಂದು ಹೇಳಿ ಇಟ್ಟುಬಿಟ್ಟಿತು. ಅವಳು ಸಂತೋಷದಿಂದಿರಲು ಪ್ರಾಮಾಣಿಕವಾಗಿ ಪ್ರಯತ್ನಿಸಿದಳು, ಆಮೇಲೆ ವಾಂತಿ ಮಾಡಿಕೊಂಡಳು.

ವ್ಯಾನಿನಲ್ಲಿದ್ದ ಚೀಲಗಳನ್ನು ಬದಿಗೆ ಸರಿಸಿ ಅವಳನ್ನೂ ಅಮ್ಮನನ್ನೂ ಕೂರಿಸಿ, ದಿಬ್ಬದ ಬುಡದ ಆಸ್ಪತ್ರೆಗೆ ಇಳಿದೆವು. ಅಲ್ಲಿ ಕಾವಲುಗಾರರು ಒಬ್ಬರೇ ಇದ್ದರು, ಬಹಳ ಸೌಜನ್ಯವಂತರು. "ಡಾಕ್ಟ್ರು ಊರಲ್ಲಿಲ್ಲ. ತಾಯಂದಿರ ಸಾವು ತಡೆಯೋದು ಹೆಂಗೆ ಅಂತ ದೊಡ್ಡ ಮೀಟಿಂಗು, ಅಲ್ಲಿಗೆ ಹೋಗಿದಾರೆ" ಎಂದರು. "ಯಾವಾಗ ಬರ್ತಾರೆ?" ಎಂದೆ. "ತಡೆಯೋದು ಹೆಂಗೆ ಅಂತ ಗೊತ್ತಾದ ಮೇಲೆ ಬರ್ತಾರಮ್ಮ" ಎಂದರು. ಆ ಸಭೆಯ ಅಧ್ಯಕ್ಷತೆ ತಮ್ಮದೇ ಆಗಿತ್ತೆಂದು ಆಮೇಲೆ ಪತ್ರಿಕೆಯಲ್ಲಿ ಓದಿದೆ. ಚಿತ್ರವೂ ಚೆನ್ನಾಗಿ ಬಂದಿತ್ತು.

ಅಲ್ಲಿಂದ ದೊಡ್ಡಾಸ್ಪತ್ರೆಗೆ ಇರುವುದು ಒಂದೇ ದಾರಿ, ಸೇತುವೆ ದಾಟಿ ಹೊಳೆಯಾಚೆಯ ಊರಿನ ಮೇಲೇ ಹೋಗಬೇಕು. ಗುಡುಗಮ್ಮನನ್ನು ತಾವು ಇಟ್ಟಿರುವುದು ಅದೇ ಊರಿನಲ್ಲಿ. ತಂಗಿಯ ಗಂಡ ಆ ದಿನ ವ್ಯಾನಿಗೂ ಏನೂ ಹೇಳಲಿಲ್ಲ. ನಾನು ಮಾತ್ರ ದಾರಿಯುದ್ದಕ್ಕೂ ಆ ಊರಿನವರನ್ನು ಮನಸ್ಸಿನಲ್ಲೇ ಬೈಯುತ್ತಾ ಹೋದೆ. ನಮ್ಮ ನರ್ಸಮ್ಮನನ್ನು ಕಿತ್ತುಕೊಂಡವರು, ತಮ್ಮ ಪಾಡಿಗೆ ತಾವು ಸತ್ತುಕೊಂಡು ನಮ್ಮ ಹೊಟ್ಟೆಗೆ ಕಲ್ಲು ಹಾಕಿದವರು ಎಂದೆಲ್ಲ. ಹೊಟ್ಟೆಕಿಚ್ಚು ಎಂಥೆಂಥದಕ್ಕೆ ಹುಟ್ಟುತ್ತದೆ ನೋಡಿ ಮಾನ್ಯರೇ, ತಮ್ಮ ಇಲಾಖೆಯ ದಯೆಯಿಂದ ನಾನು ಸತ್ತವರ ಮೇಲೂ ಹೊಟ್ಟೆಕಿಚ್ಚು ಪಟ್ಟೆ.

ಆ ಕೇಂದ್ರ ಎರಡು ಕೋಣೆಯದು. ವರಾಂಡದಲ್ಲಿ, ಮೆಟ್ಟಿಲ ಮೇಲೆ, ಗೋಡೆಯ ನೆರಳಿನಲ್ಲಿ, ಎಲ್ಲಿ ನೋಡಿದರೂ ಹೊಟ್ಟೆ ಹೊತ್ತವರು. ಒಳಗಿನಿಂದ ಪರಿಚಿತ ಗುಡುಗು ಕೇಳಿಸುತ್ತಿತ್ತು. ತಂಗಿಯನ್ನು ಹಿಡಿದುಕೊಂಡು ಬಾಗಿಲಿಗೆ ಬಂದೆವು. ಗುಡುಗಮ್ಮ ಯಾರನ್ನೋ ಬೈಯುತ್ತಲೇ ತಲೆಯೆತ್ತಿದವರು ತಂಗಿಯ ಮುಖ ನೋಡಿದರು, ಬೈಗುಳ ಅರ್ಧಕ್ಕೆ ನಿಂತಿತು.

"ಬಾ ಮಗಳೇ, ಇಲ್ಲಿ ಮಲಕ್ಕೋ" ಎಂದರು, ಮೆಲ್ಲಗೆ.

ಇಷ್ಟು ವರ್ಷಗಳಲ್ಲಿ ಆಕೆ ಮೆಲ್ಲಗೆ ಮಾತಾಡಿದ್ದನ್ನು ನಾವು ಕೇಳಿಯೇ ಇರಲಿಲ್ಲ.

ಒತ್ತಡ ನೋಡಿದರು, ಇನ್ನೊಮ್ಮೆ ನೋಡಿದರು. ಫಿಟ್ಸ್ ಬರದಂತೆ ತೊಡೆಗೆ ಇಂಜೆಕ್ಷನ್ ಚುಚ್ಚಿದರು. ದೊಡ್ಡಾಸ್ಪತ್ರೆಗೆ ಫೋನ್ ಮಾಡಿ, ಆಪರೇಷನ್ ಕೋಣೆ ತಯಾರಿಡಿ ಎಂದು ಹೇಳುವಾಗ ಮಾತ್ರ ಹಳೆಯ ಗಂಟಲು ಬಂತು. ದಾರಿಯಲ್ಲಿ ಏನಾದರೂ ಆದರೆ ನೋಡಲು ಆಕೆಯೇ ಜೊತೆಗೆ ಹೋಗಬೇಕಿತ್ತು. ಹೊರಗೆ ಕಾದಿರುವವರನ್ನು ನೋಡಿ ಬಾಗಿಲಲ್ಲಿ ಒಂದು ಕ್ಷಣ ನಿಂತರು. ಸೊಸೆಯನ್ನು ತೋರಿಸಲು ಬಂದಿದ್ದ ಬುಟ್ಟಿ ಹೆಣೆಯುವ ಅಜ್ಜಿಯೊಬ್ಬರು ಹೇಳಿದರು: "ನೀವು ಹೋಗಿ ಬನ್ನಿ ತಾಯಿ. ನಾವು ಕೂತಿರ್ತೀವಿ. ನಿಮ್ಮ ದಾರಿ ನೋಡಿ ನಮಗೆ ಅಭ್ಯಾಸ ಇದೆ."

ವ್ಯಾನಿನಲ್ಲಿ ಜಾಗ ಸಾಲದೆ ನಾನು ಅಲ್ಲೇ ಉಳಿದೆ. ಆ ಮಧ್ಯಾಹ್ನ ಆ ವರಾಂಡದಲ್ಲಿ ಕೂತದ್ದು ನನ್ನ ಬುದ್ಧಿಗೆ ಒಳ್ಳೆಯದಾಯಿತು. ಒಬ್ಬಳು ನೀರು ತಂದುಕೊಟ್ಟಳು, ಇನ್ನೊಬ್ಬಳು ತನ್ನ ಬುತ್ತಿಯಲ್ಲಿ ಪಾಲು ಕೊಟ್ಟಳು. ನಾನು ದಿಬ್ಬದವಳೆಂದು ತಿಳಿದಾಗ, "ಓ, ನೀವು ಸಾಯದ ಊರಿನವರಾ?" ಎಂದು ಕುತೂಹಲದಿಂದ ನೋಡಿದರು. ನಮ್ಮನ್ನು ಕಂಡರೆ ಅಲ್ಲಿ ಅಷ್ಟು ಗೌರವ. ಅಜ್ಜಿ ನನ್ನ ಪಕ್ಕ ಸರಿದು ಕೂತು ಹಗ್ಗ ಹೊಸೆದರು. ಆಮೇಲೆ ಕೇಳಿದರು: "ಅವರನ್ನ ವಾಪಸ್ ಕರ್ಕೊಂಡು ಹೋಗೋಕೆ ಬಂದ್ರೇನಮ್ಮ?"

"ಇಲ್ಲ ಅಜ್ಜಿ, ತಂಗೀನ ತೋರ್ಸೋಕೆ ಬಂದ್ವಿ" ಎಂದೆ.

"ಹಂಗಾದ್ರೆ ಸರಿ" ಎಂದರು. "ನನ್ನ ಮಗಳಿಗೂ ನಿನ್ನ ತಂಗಿಗೆ ಆದಂಗೇ ಆಗಿತ್ತು. ಮುಖ ಊದಿತ್ತು, ಕಣ್ಣು ಕಾಣ್ತಿಲ್ಲ ಅಂದ್ಲು. ಆಗ ಇವರು ನಿಮ್ಮೂರಲ್ಲಿದ್ರು."

ನನ್ನನ್ನು ದೂರಿ ಆಡಿದ ಮಾತಲ್ಲ ಅದು. ಹೊಳೆ ಆಗ ತುಂಬಿತ್ತು, ಬಸ್ಸು ಇರಲಿಲ್ಲ ಎಂದು ಹೇಳಿದಷ್ಟೇ ಸಹಜವಾಗಿ ಹೇಳಿ, ಅಜ್ಜಿ ಮತ್ತೆ ಹಗ್ಗ ಹೊಸೆಯತೊಡಗಿದರು. ನಾನು ಅವರ ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡು ಕೂತೆ. ಗುಡುಗಮ್ಮನನ್ನು ಹಿಂದಕ್ಕೆ ಕೊಡಿಸಿರೆಂದು ತಮಗೆ ಬರೆಯಬೇಕೆಂದಿದ್ದ ಪತ್ರವನ್ನು ನಾನು ಬರೆಯದೆ ಹೋದದ್ದು ಆ ತುದಿ ಹಿಡಿದಿದ್ದರಿಂದ.

ಬಿಸಿಲು ಇಳಿಯುವ ಹೊತ್ತಿಗೆ ಗುಡುಗಮ್ಮ ಬಸ್ಸಿನಲ್ಲಿ ಹಿಂತಿರುಗಿದರು. ಇಳಿದವರೇ ನೇರ ನನ್ನ ಬಳಿ ಬಂದು ಶುರು ಮಾಡಿದರು: "ಹಿಟ್ಟಲ್ಲಿ ಒಂದು ನುಚ್ಚು ಇದ್ರೆ ಬೆರಳಲ್ಲಿ ಕಂಡುಹಿಡೀತೀಯ, ಒಡಹುಟ್ಟಿದ ತಂಗಿ ಮುಖ ಊದಿದ್ದು ಕಾಣ್ಲಿಲ್ವಾ ನಿನಗೆ? ಕಣ್ಣಿಗೆ ಏನು ಜರಡಿ ಕಟ್ಕೊಂಡಿದೀಯ?" ಆ ಬೈಗುಳ ಕಿವಿಗೆ ಬಿದ್ದದ್ದೇ ತಡ, ನನ್ನ ತಂಗಿ ಬದುಕಿದ್ದಾಳೆಂದು ತಿಳಿಯಿತು. ಅಳುತ್ತಾ ನಕ್ಕೆ, ನಗುತ್ತಿರುವುದಕ್ಕೆ ಇನ್ನೂ ನಾಲ್ಕು ಬೈಸಿಕೊಂಡೆ. ಹೆಣ್ಣು ಮಗು, ಅಂಗೈಯಗಲ, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ತಂಗಿಗೆ ಎಚ್ಚರವಾದಾಗ ಮೊದಲು ಕೇಳಿದ್ದು ಅಂಚೆ ಕಚೇರಿಗೆ ರಜೆ ಹೇಳಿದ್ದೀರಾ ಎಂದು. ಈಗ ಇಬ್ಬರೂ ಮನೆಯಲ್ಲಿದ್ದಾರೆ, ಮಗುವಿನ ದನಿ ಕೇಳಿದರೆ ಗುಡುಗಮ್ಮನೇ ತನ್ನ ಉತ್ತರಾಧಿಕಾರಿಯನ್ನು ಹುಟ್ಟಿಸಿದರೇನೋ ಎಂಬಂತಿದೆ.

ಅಪರಾಧ ಶುರುವಾದದ್ದು ಇದಾದ ಮೇಲೆ. ಆ ಸಂಜೆ ಗುಡುಗಮ್ಮ ಹೇಳಿದರು: "ಭಾನುವಾರ ನನಗೆ ರಜೆ. ವ್ಯಾನ್ ಕಳಿಸು. ನಿಮ್ಮೂರಲ್ಲಿ ಇನ್ಯಾರ್ಯಾರ ಉಂಗುರ ಸಿಕ್ಕಾಕ್ಕೊಂಡಿದ್ಯೋ ನೋಡ್ತೀನಿ." ಅಂದಿನಿಂದ ಪ್ರತಿ ಭಾನುವಾರ ಆಕೆ ಬರುತ್ತಾರೆ. ಖಾಲಿ ಚೀಲಗಳನ್ನು ಹೊಲಿದು ಪರದೆ ಮಾಡಿದ್ದೇವೆ, ಧಾನ್ಯದ ಮೂಟೆಗಳ ಮೇಲೆ ಹಾಸಿಗೆ ಹಾಸಿ ಮಂಚ ಮಾಡಿದ್ದೇವೆ. ಮಗುವಿನ ಎದೆಬಡಿತ ಕೇಳಬೇಕಾದಾಗ ಆಕೆ "ಗಿರಣಿ ನಿಲ್ಸೇ" ಎಂದು ಕೂಗುತ್ತಾರೆ, ನಾನು ನಿಲ್ಲಿಸುತ್ತೇನೆ. ಹಿಟ್ಟಿಗೆ ಕಾದವರು ಮೊದಮೊದಲು ಗೊಣಗುತ್ತಿದ್ದರು. ಈಗ ಗಿರಣಿಯ ಬೆಲ್ಟು ನಿಂತು ಸದ್ದು ಅಡಗಿದ ಕೂಡಲೇ ಹೊರಗೆ ಸಾಲಿನಲ್ಲಿರುವ ಗಂಡಸರೂ ಮಾತು ನಿಲ್ಲಿಸುತ್ತಾರೆ. ಪರದೆಯ ಹಿಂದಿನಿಂದ "ಹೂಂ, ಇದೆ, ಕುದುರೆ ಓಡ್ದಂಗೆ ಓಡ್ತಿದೆ" ಎಂದು ಕೇಳಿಸಿದ ಮೇಲೆಯೇ ಉಸಿರು ಬಿಡುವುದು, ಅದು ಯಾರ ಮಗುವೇ ಆಗಿರಲಿ.

ಇಂಥ ಅಕ್ರಮದ ನಟ್ಟನಡುವೆ ಒಂದು ಭಾನುವಾರ ತಮ್ಮ ಪರಿಶೀಲಕರು ಬಂದರು. ಪರದೆ ಸರಿಸಲು ಹೋಗಿ ಬೈಸಿಕೊಂಡರು, ಹೊರಗೆ ಕೂತು ವರದಿ ಬರೆದುಕೊಂಡು ಹೋದರು. ಅದರ ಫಲವೇ ತಮ್ಮ ನೋಟೀಸು.

ಈಗ ನಮ್ಮ ಬೇಡಿಕೆಗಳು. ತಮ್ಮ ನಿಯಮಕ್ಕೆ ನಮ್ಮ ವಿರೋಧವಿಲ್ಲ. ಸಾವಿಗೆ ತಕ್ಕಂತೆ ನರ್ಸಮ್ಮ ಎಂದರೆ ಎಷ್ಟು ಸಾವಿಗೆ ಒಬ್ಬರು ಎಂದು ಮುಂಚಿತವಾಗಿ ತಿಳಿಸಿದರೆ ಒದಗಿಸಲು ಯತ್ನಿಸುತ್ತೇವೆ. ಈ ಬಗ್ಗೆ ಗಿರಣಿಯ ಮುಂದೆ ಸಭೆ ಸೇರಿದ್ದೆವು. ಸ್ವಯಂಪ್ರೇರಿತರಾಗಿ ಮುಂದೆ ಬಂದವರು ಕ್ಷೌರಿಕನ ತಾಯಿ ಒಬ್ಬರೇ, ಆದರೆ ಅವರ ವಯಸ್ಸಿನ ಸಾವು ತಮ್ಮ ಇಲಾಖೆಯ ಲೆಕ್ಕಕ್ಕೆ ಬರುವುದಿಲ್ಲವೆಂದು ಹೇಳಿ ನಿರಾಶೆಗೊಳಿಸಬೇಕಾಯಿತು. ಅದು ಆಗದಿದ್ದರೆ, ಮುಂದೆ ಸಾಯಲಿರುವವರ ಆಧಾರದ ಮೇಲೆ ಒಬ್ಬ ನರ್ಸಮ್ಮನನ್ನು ಸಾಲವಾಗಿ ಕೊಡಿ. ಆಕೆ ಬಂದ ಮೇಲೆ ಯಾರೂ ಸಾಯದಿದ್ದರೆ ಆಗಿನ ಮಾತು ಆಗ. ಗುಡುಗಮ್ಮನನ್ನೇ ಎರಡು ಭಾಗ ಮಾಡಿ ಹೊಳೆಗೆ ಆಚೆ ಈಚೆ ಹಂಚುವ ಆಲೋಚನೆಯೂ ಬಂದಿತ್ತು. ಬಾಯಿ ಯಾವ ಭಾಗಕ್ಕೆ ಹೋಗಬೇಕೆಂಬಲ್ಲಿ ಮಾತುಕತೆ ಮುರಿದುಬಿತ್ತು.

ಒಂದು ಮಾತನ್ನು ಮಾತ್ರ ತಮಾಷೆಯಿಲ್ಲದೆ ಹೇಳುತ್ತೇನೆ. ಈ ಪತ್ರ ಓದಿ ಮನಸ್ಸು ಕರಗಿ, ಆಕೆಯನ್ನು ಹೊಳೆಯಾಚೆಯವರಿಂದ ಕಿತ್ತು ನಮಗೆ ಮರಳಿಸಬೇಡಿ. ನಮಗೆ ಆಕೆ ಬೇಡ. ಆಕೆಯಂಥ ಇನ್ನೊಬ್ಬರು ಬೇಕು. ಒಂದೇ ಹೊದಿಕೆಯನ್ನು ತಲೆಗೆಳೆದರೆ ಕಾಲಿಗಿಲ್ಲ, ಕಾಲಿಗೆಳೆದರೆ ತಲೆಗಿಲ್ಲ ಎಂದು ಎಳೆದಾಡುವುದನ್ನು ತಾವು ಆಡಳಿತ ಎನ್ನುತ್ತೀರಿ, ನಾವು ಚಳಿ ಎನ್ನುತ್ತೇವೆ.

ಕೊನೆಯದಾಗಿ ಸೋಮವಾರದ ಏರ್ಪಾಡಿನ ಬಗ್ಗೆ. ಸೋಮವಾರ ಹೊಳೆಯಾಚೆ ಗರ್ಭಿಣಿಯರ ತಪಾಸಣೆಯ ದಿನ. ಆಕೆಯನ್ನು ತಾವು ಕರೆಸಿಕೊಂಡಿರುವುದರಿಂದ ತಪಾಸಣೆಯೂ ತಮ್ಮ ಕಚೇರಿಗೇ ಬರುತ್ತದೆ. ತಮ್ಮ ನೋಟೀಸಿನಿಂದಾಗಿ ಹಿಂದಿನ ದಿನ ಆಕೆ ಗಿರಣಿಗೆ ಬರುವಂತಿಲ್ಲವಾದ್ದರಿಂದ, ನಮ್ಮ ಭಾನುವಾರದವರೂ ಜೊತೆಗೆ ಬರುತ್ತೇವೆ. ಬುಟ್ಟಿಯ ಅಜ್ಜಿ ಸೊಸೆಯೊಂದಿಗೆ ಬರುತ್ತಾರೆ, ನನ್ನ ತಂಗಿ ಮಗುವಿನೊಂದಿಗೆ ಬರುತ್ತಾಳೆ, ವ್ಯಾನು ಎರಡು ಸುತ್ತು ಹೊಡೆಯಬೇಕಾದೀತು. ತಮ್ಮ ಕೋಣೆ ಮೂರನೆಯ ಮಹಡಿಯಲ್ಲಿದೆಯಂತೆ. ಯಾರೂ ಅವಸರದಿಂದ ಹತ್ತುವ ಸ್ಥಿತಿಯಲ್ಲಿಲ್ಲವಾದ್ದರಿಂದ, ತಾವೇ ಕೆಳಗಿಳಿದು ಬಂದರೆ ಉಪಕಾರವಾಗುತ್ತದೆ. ಬೆನ್ನಿಗೆ ಆಸರೆಯಿರುವ ಕುರ್ಚಿಗಳು, ಕುಡಿಯುವ ನೀರು, ಚಿಲಕವಿರುವ ಶೌಚಾಲಯ, ಮಲಗಿಸಲು ತಮ್ಮ ಉದ್ದನೆಯ ಸಭಾ ಮೇಜು ಸಾಕು. ಎದೆಬಡಿತ ಕೇಳುವಾಗ ಫ್ಯಾನು, ಫೋನು, ಭಾಷಣಗಳನ್ನು ನಿಲ್ಲಿಸಬೇಕಾಗುತ್ತದೆ. ನಿಲ್ಲಿಸಿ ನೋಡಿ ಮಾನ್ಯರೇ, ಇಡೀ ಕಚೇರಿ ಸುಮ್ಮನಾದಾಗ ಅದು ಎಷ್ಟು ಜೋರಾಗಿ ಕೇಳಿಸುತ್ತದೆಂದು ತಮಗೂ ಆಶ್ಚರ್ಯವಾಗುತ್ತದೆ.

ಇಂತಿ, ಇನ್ನೂ ಬದುಕಿದ್ದು ತೊಂದರೆ ಕೊಡುತ್ತಿರುವುದಕ್ಕೆ ಮತ್ತೊಮ್ಮೆ ಕ್ಷಮೆ ಕೋರುತ್ತಾ,

ತಮ್ಮ ವಿಶ್ವಾಸಿ,
ದಿಬ್ಬದ ಗಿರಣಿಯಾಕೆ

ತಾ.ಕ.: ತಮ್ಮ ಪರಿಶೀಲಕರು ವರದಿ ಕಳಿಸಿದ ಮರುವಾರವೇ, ಐದು ತಿಂಗಳ ಬಸುರಿ ಮಗಳನ್ನು ಕರೆದುಕೊಂಡು ಹಿಂಬಾಗಿಲಿನಿಂದ ಗಿರಣಿಗೆ ಬಂದಿದ್ದರು. ಮಗಳಿಗೆ ರಕ್ತ ಕಡಿಮೆ ಇತ್ತು, ಮಾತ್ರೆ ಸಿಕ್ಕಿತು. ಅವರಿಗೆ ಬೈಗುಳ ಸಿಕ್ಕಿತು. ಆ ಭೇಟಿಯ ವರದಿಯೂ ತಮ್ಮ ಕೈ ಸೇರಿರಬೇಕು. ಸೇರಿರದಿದ್ದರೆ ಸೋಮವಾರ ಅವರನ್ನೇ ಕೇಳಿ ನೋಡಿ. ಮಗಳ ಚೀಲ ಹಿಡಿದುಕೊಂಡು ನಮ್ಮ ಸಾಲಿನಲ್ಲೇ ನಿಂತಿರುತ್ತಾರೆ.